ಶಿಫ್ಟರ್ ಕಾರ್ಟ್ ವಿಭಾಗಕ್ಕೆ ಜಗಳವಿಲ್ಲದ ನಿಯಮ ಬರೆಯುವುದು: ಕ್ಲಬ್ ಸಮಿತಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಜನವರಿಯಲ್ಲೂ ಬೇರೆ ಬೇರೆ ಊರಿನಿಂದ ಒಂದೇ ಧಾಟಿಯ ಪತ್ರ ಬರುತ್ತದೆ. ಶಿಫ್ಟರ್ ವಿಭಾಗ ಆರಂಭಿಸಿದೆವು, ಮೊದಲ ಓಟಕ್ಕೆ ಹದಿನಾಲ್ಕು ಕಾರ್ಟ್ ಬಂದವು, ಕೊನೆಯ ಓಟದ ಹೊತ್ತಿಗೆ ಐದು ಉಳಿದವು, ನಿಯಮ ಪುಸ್ತಕವಂತೂ ನಲವತ್ತು ಪುಟ ಇದೆ, ತಪ್ಪೆಲ್ಲಿ? ತಪ್ಪು ಸಾಮಾನ್ಯವಾಗಿ ಆ ನಲವತ್ತು ಪುಟದೊಳಗೇ ಇರುತ್ತದೆ. ಇನ್ಯಾರದೋ ಪುಸ್ತಕವನ್ನು ನಕಲು ಮಾಡಿರುತ್ತಾರೆ. ಅದರಲ್ಲಿರುವ ಅಂಕಿಗಳನ್ನು ಅಳೆಯುವ ಸಾಧನ ತಮ್ಮ ಪೆಟ್ಟಿಗೆಯಲ್ಲಿ ಇದೆಯೇ ಎಂದು ಮಾತ್ರ ಯಾರೂ ನೋಡಿರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಬೆಳೆದು, ಈಗ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕ್ಲಬ್ಬಿನ ಸ್ಕ್ರುಟಿನಿ (ಕಾರ್ಟ್ ತಪಾಸಣೆ) ಮೇಜಿನ ಹಿಂದೆ ವಾರಾಂತ್ಯಗಳನ್ನು ಕಳೆಯುತ್ತಿರುವವನು. ಇಲ್ಲಿ ಹೇಳುವುದು ಶಿಫ್ಟರ್‌ಗಳ ಬಗ್ಗೆ, ಅಂದರೆ 125 ಸಿಸಿ, ಎರಡು ಸ್ಟ್ರೋಕ್, ನೀರಿನಿಂದ ತಣಿಯುವ, ಕೈಯಿಂದ ಗೇರು ಬದಲಿಸುವ ಪುಟ್ಟ ರೇಸ್ ಕಾರ್ಟ್‌ಗಳ ಬಗ್ಗೆ. ಬೆಂಗಳೂರಿನ ಓದುಗರು ಹೆಚ್ಚು ಕಂಡಿರುವ ರೋಟಾಕ್ಸ್ ಮ್ಯಾಕ್ಸ್ ಕಾರ್ಟ್ ಎಂಜಿನ್‌ಗೆ ಗೇರಿಲ್ಲ, ಅದರ ಡಿಡಿ2 ಮಾದರಿಗೆ ಎರಡೇ ಗೇರು. ಆ ವ್ಯವಸ್ಥೆಯಿಂದ ಎರವಲು ಪಡೆಯಬೇಕಾದ ಒಂದು ಸಂಗತಿ ಇದೆ, ಅದು ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ತೂಕ ತೀರ್ಮಾನಿಸುವ ಮೊದಲು ಎಂಜಿನ್ ತೀರ್ಮಾನವಾಗಬೇಕು. ದಂಡ ಬರೆಯುವ ಮೊದಲು ಅಳತೆಯ ವಿಧಾನ ಬರೆದಿರಬೇಕು. ಸಮಿತಿಗಳು ಸಾಮಾನ್ಯವಾಗಿ ದಂಡದಿಂದ ಶುರುಮಾಡುತ್ತವೆ, ಏಕೆಂದರೆ ಅದನ್ನು ಬರೆಯುವುದು ಸುಲಭ.

ಮೊದಲು ಪೆಟ್ಟಿಗೆ ತುಂಬಿಸಿ

ಒಂದೇ ಒಂದು ನಿಯಮ ಬರೆಯುವ ಮುಂಚೆ ಈ ಸಾಧನಗಳನ್ನು ಒಟ್ಟುಮಾಡಿ: ನಾಲ್ಕು ಹಲಗೆಯ ಡಿಜಿಟಲ್ ತೂಕದ ಯಂತ್ರ, ಅದನ್ನು ಪರೀಕ್ಷಿಸಲು ತೂಕ ಗೊತ್ತಿರುವ ಕಬ್ಬಿಣದ ಬಟ್ಟುಗಳು, ವರ್ನಿಯರ್ ಕ್ಯಾಲಿಪರ್, ಸಿಲಿಂಡರಿನ ಒಳವ್ಯಾಸ ನೋಡುವ ಬೋರ್ ಗೇಜ್, ಡಯಲ್ ಗೇಜ್, ಎಂಜಿನ್ ತಿರುಗಿದ ಕೋನ ನೋಡುವ ಡಿಗ್ರಿ ಚಕ್ರ, 50 ಮಿಲಿಲೀಟರಿನ ಗಾಜಿನ ಬ್ಯುರೆಟ್, ಕಾರ್ಬ್ಯುರೇಟರ್ ರಂಧ್ರಕ್ಕೆ ತೂರಬಾರದ ಅಳತೆಯ ಉಕ್ಕಿನ ಗುಂಡು, ಟೈರಿನ ಗಡಸುತನ ನೋಡುವ ಡ್ಯುರೋಮೀಟರ್, ಪೆಟ್ರೋಲಿಗೆ ಬೇರೇನಾದರೂ ಬೆರೆಸಿದ್ದಾರೆಯೇ ಎಂದು ನೋಡುವ ಇಂಧನ ಮೀಟರ್, ಸಂಖ್ಯೆ ಮುದ್ರಿಸಿದ ಸೀಲ್ ಮತ್ತು ತಂತಿ, ಎರಡು ಮೀಟರಿನ ಉಕ್ಕಿನ ಪಟ್ಟಿ.

ಎಲ್ಲವನ್ನೂ ಕೊಳ್ಳಲು ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಯಾವ ಸಾಧನ ಇಲ್ಲವೋ ಅದಕ್ಕೆ ಸಂಬಂಧಿಸಿದ ನಿಯಮವನ್ನು ಬರೆಯಬೇಡಿ, ಅಷ್ಟೇ. ಅಳೆಯಲಾಗದ ನಿಯಮ ಪ್ರಾಮಾಣಿಕನನ್ನು ಮಾತ್ರ ಕಟ್ಟಿಹಾಕುತ್ತದೆ.

ಹಂತ 1: ಮೈದಾನದಲ್ಲಿ ನಿಜವಾಗಿ ಯಾರಿದ್ದಾರೆ ಎಂದು ಎಣಿಸಿ

ಒಂದು ಅಭ್ಯಾಸದ ದಿನ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬರೆದುಕೊಳ್ಳಿ: ಎಂಜಿನ್ ಯಾವುದು, ಯಾವ ವರ್ಷದ್ದು, ಕಾರ್ಬ್ಯುರೇಟರ್ ಯಾವುದು, ಹೆಲ್ಮೆಟ್ ಮತ್ತು ಸೂಟ್ ಸಹಿತ ಚಾಲಕ ಕಾರ್ಟ್‌ನಲ್ಲಿ ಕುಳಿತಾಗ ಒಟ್ಟು ತೂಕ ಎಷ್ಟು, ವರ್ಷಕ್ಕೆ ಎಷ್ಟು ಜೊತೆ ಟೈರು ಕೊಳ್ಳುತ್ತಾರೆ. ತೂಕವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಯಂತ್ರದ ಮೇಲೆ ನಿಲ್ಲಿಸಿ. ತಮ್ಮ ತೂಕ ಹೇಳುವಾಗ ಜನ ಐದು ಕಿಲೋ ಮರೆಯುತ್ತಾರೆ. ನಾನೂ ಅವರಲ್ಲಿ ಒಬ್ಬ.

ಇಲ್ಲಿ ಆಗುವ ತಪ್ಪು ಒಂದೇ. ಇರುವ ಕಾರ್ಟ್‌ಗಳನ್ನು ಬಿಟ್ಟು, ಮುಂದಿನ ವರ್ಷ ಬರಲಿ ಎಂದು ಆಸೆಪಡುವ ಕಾರ್ಟ್‌ಗಳಿಗೆ ನಿಯಮ ಬರೆಯುವುದು.

ಹಂತ 2: ಎಂಜಿನ್ ಒಂದೋ, ಎರಡೋ?

ಅಮೆರಿಕದ ಸಣ್ಣ ಕ್ಲಬ್ಬುಗಳಲ್ಲಿ ಎರಡು ಕುಲದ ಎಂಜಿನ್‌ಗಳು ಕಾಣುತ್ತವೆ. ಒಂದು, ಮೋಟೋಕ್ರಾಸ್ ಬೈಕಿನಿಂದ ಬಂದ ಹೋಂಡಾ ಸಿಆರ್125, ಸಾಮಾನ್ಯವಾಗಿ 38 ಮಿಲಿಮೀಟರಿನ ಕೀಹಿನ್ ಕಾರ್ಬ್ಯುರೇಟರಿನೊಂದಿಗೆ. ಇನ್ನೊಂದು, ಕಾರ್ಟ್‌ಗೆಂದೇ ಮಾಡಿದ ಯುರೋಪಿನ ಕೆಜೆಡ್ ಎಂಜಿನ್, 30 ಮಿಲಿಮೀಟರಿನ ಡೆಲೋರ್ಟೊ ಕಾರ್ಬ್ಯುರೇಟರಿನೊಂದಿಗೆ. ಕಾರ್ಬ್ಯುರೇಟರ್ ಚಿಕ್ಕದಾಗಿದ್ದರೂ ಸಾಮಾನ್ಯವಾಗಿ ಕೆಜೆಡ್‌ನದೇ ವೇಗ ಹೆಚ್ಚು. ಸಿಆರ್125 ಬೈಕಿನ ತಯಾರಿಕೆ 2007ರಲ್ಲೇ ನಿಂತಿದೆ, ಆದರೂ ಗ್ಯಾರೇಜುಗಳಲ್ಲಿ ಆ ಎಂಜಿನ್‌ಗಳು ಇನ್ನೂ ಬೇಕಾದಷ್ಟಿವೆ.

ದಾರಿಗಳು ಮೂರು. ಒಂದೇ ಎಂಜಿನ್ ಕಡ್ಡಾಯ ಮಾಡುವುದು. ಎರಡನ್ನೂ ಒಟ್ಟಿಗೆ ಓಡಿಸಿ ಅಂಕಗಳನ್ನು ಬೇರೆ ಬೇರೆ ಎಣಿಸುವುದು. ಎರಡನ್ನೂ ಒಟ್ಟಿಗೆ ಓಡಿಸಿ, ವೇಗದ ಎಂಜಿನ್‌ಗೆ ಹೆಚ್ಚು ತೂಕ ಹೇರಿ ಸರಿದೂಗಿಸುವುದು. ಮೂರನೆಯದೇ ಎಲ್ಲರಿಗೂ ಇಷ್ಟ, ಮತ್ತು ಅತಿ ಹೆಚ್ಚು ಕ್ಲಬ್ಬುಗಳು ಮುಗ್ಗರಿಸುವುದೂ ಅಲ್ಲೇ. ಊಹೆಯಿಂದ ಇಂತಿಷ್ಟು ಕಿಲೋ ಎಂದು ಬರೆಯುತ್ತಾರೆ, ಜುಲೈನಲ್ಲಿ ಬದಲಿಸುತ್ತಾರೆ, ಆಗಸ್ಟಿನಲ್ಲಿ ಜನ ಬರುವುದನ್ನು ನಿಲ್ಲಿಸುತ್ತಾರೆ.

ತೂಕದಿಂದ ಸರಿದೂಗುತ್ತದೆಯೇ ಎಂದು ಒಂದೇ ದಿನದಲ್ಲಿ ಕಂಡುಕೊಳ್ಳಬಹುದು. ಸುಮಾರು ಒಂದೇ ವೇಗದ ಇಬ್ಬರು ಚಾಲಕರನ್ನು ಆರಿಸಿ. ಇಬ್ಬರೂ ಎರಡೂ ಕಾರ್ಟ್‌ಗಳನ್ನು ಓಡಿಸಲಿ, ತಲಾ ಎಂಟು ಸುತ್ತು, ಒಂದೇ ಹಂತಕ್ಕೆ ಸವೆದ ಟೈರಿನಲ್ಲಿ. ಅತ್ಯುತ್ತಮ ಐದು ಸುತ್ತುಗಳ ಸರಾಸರಿ ತೆಗೆಯಿರಿ. ಬಳಿಕ ವೇಗದ ಕಾರ್ಟ್‌ಗೆ ಐದು ಕಿಲೋ ಸೀಸ ಬಿಗಿದು ಇಡೀ ಪರೀಕ್ಷೆಯನ್ನು ಮತ್ತೆ ಮಾಡಿ. ನಿಮ್ಮ ಟ್ರ್ಯಾಕಿನಲ್ಲಿ ಐದು ಕಿಲೋಗೆ ಎಷ್ಟು ಸಮಯ ಹೋಗುತ್ತದೆ ಎಂಬುದು ಈಗ ಕೈಯಲ್ಲಿರುತ್ತದೆ. ಎರಡು ಎಂಜಿನ್‌ಗಳ ನಡುವಿನ ಅಂತರ ಒಂದು ಸುತ್ತಿನಲ್ಲಿ 0.6 ಸೆಕೆಂಡ್, ಐದು ಕಿಲೋದ ಬೆಲೆ 0.15 ಸೆಕೆಂಡ್ ಎಂದುಕೊಳ್ಳಿ. ಸರಿದೂಗಿಸಲು 20 ಕಿಲೋ ಬೇಕು. ಅಷ್ಟು ಸೀಸ ಹೊತ್ತ ಕಾರ್ಟ್ ಬ್ರೇಕ್ ಹಾಕಿದಾಗ ಬೇರೆಯೇ ಪ್ರಾಣಿಯಾಗಿರುತ್ತದೆ. ಅಲ್ಲಿಗೆ ಮೂರನೆಯ ದಾರಿ ಮುಚ್ಚಿತು, ಅಂಕಗಳನ್ನು ಬೇರೆ ಮಾಡಿ.

ಹತ್ತು ಕಿಲೋ ಒಳಗೆ ಸರಿಹೋದರೆ ಮಾತ್ರ ತೂಕದ ದಾರಿ ಹಿಡಿಯಿರಿ. ಆಗಲೂ ಒಂದು ಷರತ್ತು ಇರಲಿ: ಋತುವಿನ ನಡುವೆ ಆ ಅಂಕಿಯನ್ನು ಮುಟ್ಟುವಂತಿಲ್ಲ.

ಹಂತ 3: ಕನಿಷ್ಠ ತೂಕ

ಕೆಜೆಡ್ ಎಂಜಿನ್‌ಗಳು ಓಡುವ ಅಂತಾರಾಷ್ಟ್ರೀಯ ಕೆಜೆಡ್2 ವಿಭಾಗದಲ್ಲಿ ಚಾಲಕನೂ ಸೇರಿ ಕನಿಷ್ಠ 175 ಕಿಲೋ ಇರಬೇಕು. ಈ ಅಂಕಿಯನ್ನು ಹಾಗೆಯೇ ಎತ್ತಿಕೊಳ್ಳುವ ಕ್ಲಬ್ಬುಗಳೇ ಹೆಚ್ಚು. ಆದರೆ ಅಲ್ಲಿ ಓಡುವವರು ಬಹುಪಾಲು ತೆಳ್ಳಗಿನ ಹುಡುಗರು. ನಿಮ್ಮ ಕ್ಲಬ್ಬಿನಲ್ಲಿ ನಲವತ್ತು ದಾಟಿದ, ಭಾನುವಾರದ ಊಟ ಬಿಡದ ಜನ ಇರುತ್ತಾರೆ.

ಮೊದಲ ಹಂತದಲ್ಲಿ ಬರೆದುಕೊಂಡ ತೂಕಗಳನ್ನು ಏರಿಕೆಯಲ್ಲಿ ಜೋಡಿಸಿ. ಒಂದು ಉದಾಹರಣೆ ನೋಡೋಣ: 161, 164, 166, 169, 171, 173, 175, 176, 179, 181, 186, 194. ಇಲ್ಲಿ 175 ಎಂದು ಬರೆದರೆ ಹನ್ನೆರಡರಲ್ಲಿ ಐದು ಮಂದಿ ಮೊದಲ ದಿನದಿಂದಲೇ ಮಿತಿಗಿಂತ ಹೆಚ್ಚು ತೂಕದೊಂದಿಗೆ ಓಡುತ್ತಾರೆ. 185 ಎಂದು ಬರೆದರೆ ಅತಿ ಹಗುರ ಚಾಲಕ 24 ಕಿಲೋ ಸೀಸ ಹೊರಬೇಕು. 180ಕ್ಕೆ ನಿಲ್ಲಿಸಿದರೆ ಒಂಬತ್ತು ಮಂದಿ ಸೀಸ ಸೇರಿಸಿ ತಲುಪುತ್ತಾರೆ, ಅತಿ ಹಗುರನ ಹೊರೆ 19 ಕಿಲೋ. ನಾನು ಬಳಸುವ ಸೂತ್ರ ಇದು: ನಾಲ್ಕರಲ್ಲಿ ಮೂವರು ಮುಟ್ಟಬಲ್ಲ ತೂಕ, ಆದರೆ ಯಾರಿಗೂ 20 ಕಿಲೋ ಮೀರಿದ ಸೀಸ ಬೇಡ. ಎರಡೂ ಒಟ್ಟಿಗೆ ಕೂಡಿಬರದಿದ್ದರೆ ಸೀಸದ ಮಿತಿಯನ್ನೇ ಉಳಿಸಿಕೊಳ್ಳಿ. 194 ಕಿಲೋದವರಿಗೆ ಅನ್ಯಾಯವಾಗುತ್ತದೆ, ನಿಜ. ಅಂಥವರು ಮೂರು ನಾಲ್ಕು ಮಂದಿ ಇದ್ದರೆ ಹಿರಿಯರ ವಿಭಾಗವೊಂದನ್ನು ಹೆಚ್ಚಿನ ತೂಕದೊಂದಿಗೆ ಅದೇ ಓಟದಲ್ಲಿ ಸೇರಿಸಬಹುದು.

ಎರಡನೆಯ ಹಂತದಲ್ಲಿ ತೂಕದ ದಾರಿ ಹಿಡಿದಿದ್ದರೆ, ಈ ಲೆಕ್ಕವನ್ನು ಎರಡು ಎಂಜಿನ್‌ಗಳಿಗೂ ಬೇರೆ ಬೇರೆ ಮಾಡಬೇಕು ಎಂಬುದನ್ನು ಮರೆಯಬೇಡಿ.

ಸೀಸ ಕಟ್ಟುವ ಬಗೆಯನ್ನೂ ನಿಯಮದಲ್ಲಿ ಬರೆಯಿರಿ. ಗಟ್ಟಿಯಾದ ಒಂದೇ ತುಂಡು, ಕನಿಷ್ಠ 6 ಮಿಲಿಮೀಟರ್ ದಪ್ಪದ ಎರಡು ಬೋಲ್ಟ್, ಅಗಲವಾದ ವಾಷರ್, ಸಡಿಲವಾಗದ ನಟ್. ಪ್ರತಿ ತುಂಡಿನ ಮೇಲೆ ಕಾರ್ಟ್ ಸಂಖ್ಯೆಯನ್ನು ಬಣ್ಣದಿಂದ ಬರೆದಿರಲಿ, ಏಕೆಂದರೆ ಟ್ರ್ಯಾಕಿನ ಮೇಲೆ ಬಿದ್ದ ಸೀಸಕ್ಕೆ ಒಡೆಯ ಎಂದೂ ಸಿಗುವುದಿಲ್ಲ.

*ತೂಕದ ಯಂತ್ರ.* ಕೆಲವು ವರ್ಷಗಳ ಹಿಂದೆ ಎರಡನೆಯ ಸ್ಥಾನ ಪಡೆದವನೊಬ್ಬನನ್ನು ಅರ್ಧ ಕಿಲೋ ಕಡಿಮೆ ಬಂತೆಂದು ನಾನೇ ಕೆಳಗಿಳಿಸಿದೆ. ಆತ ಕೂಗಾಡಲಿಲ್ಲ. ಕಾರ್ಟ್ ಅನ್ನು ಹಿಂದಕ್ಕೆ ತಳ್ಳಿ, ಮುಖ ತಿರುಗಿಸಿ, ಎದುರು ದಿಕ್ಕಿನಿಂದ ಮತ್ತೆ ಹತ್ತಿಸಿ ಸುಮ್ಮನೆ ನಿಂತ. ಯಂತ್ರ ಈಗ ಒಂದು ಕಿಲೋ ಹೆಚ್ಚು ತೋರಿಸುತ್ತಿತ್ತು. ನೆಲ ಇಳಿಜಾರಾಗಿತ್ತು, ಹಲಗೆಯೊಂದರ ಕೆಳಗೆ ಬೆರಳುಗಾತ್ರದ ಕಲ್ಲು ಸಿಕ್ಕಿಕೊಂಡಿತ್ತು. ಬೆಳಿಗ್ಗೆಯಿಂದ ಅದೇ ಯಂತ್ರದ ಮೇಲೆ ನಲವತ್ತು ಕಾರ್ಟ್‌ಗಳನ್ನು ತೂಗಿದ್ದೆ. ಆ ಸಂಜೆ ಕ್ಷಮೆ ಕೇಳಿದ್ದು ನೆನಪಿದೆ. ಆದರೆ ಉಳಿದ ಮೂವತ್ತೊಂಬತ್ತು ತೂಕಗಳಿಗೆ ಯಾರನ್ನು ಕೇಳುವುದು?

ಅಂದಿನಿಂದ ಮಾಡುವುದು ಇಷ್ಟು. ಮೈದಾನದಲ್ಲಿ ಮಟ್ಟಸವಾದ ಜಾಗ ಗುರುತಿಸಿ, ನಾಲ್ಕು ಹಲಗೆಗಳ ಮೂಲೆಗಳಿಗೆ ಬಣ್ಣದ ಗೆರೆ ಹಾಕಿ. ಬೆಳಿಗ್ಗೆ, ಮಧ್ಯಾಹ್ನ ಮತ್ತು ಕೊನೆಯ ಓಟದ ಮೊದಲು ಬಟ್ಟುಗಳನ್ನಿಟ್ಟು ಪರೀಕ್ಷಿಸಿ, ಓದಿದ ಅಂಕಿಯನ್ನು ಹಾಳೆಯಲ್ಲಿ ಬರೆದು ಸಹಿ ಮಾಡಿ. ಅಭ್ಯಾಸದ ವೇಳೆ ಯಂತ್ರ ಎಲ್ಲರಿಗೂ ತೆರೆದಿರಲಿ. ಓಟದ ನಂತರ ಕಡಿಮೆ ಬಂದರೆ ಕಾರ್ಟ್ ಇಳಿಸಿ ಹತ್ತಿಸಿ ಒಟ್ಟು ಮೂರು ಬಾರಿ ತೂಗಿ, ಅತಿ ಹೆಚ್ಚು ಬಂದುದನ್ನು ಹಿಡಿಯಿರಿ. ಅದೂ ಕಡಿಮೆಯಿದ್ದರೆ ಮುಗಿಯಿತು, ನೂರು ಗ್ರಾಂ ಆದರೂ ಸರಿ. 'ಸ್ವಲ್ಪ ರಿಯಾಯಿತಿ' ಎಂದು ಬರೆದರೆ ಅದೇ ಹೊಸ ಕನಿಷ್ಠ ತೂಕವಾಗುತ್ತದೆ. ಟ್ರ್ಯಾಕಿನಿಂದ ಯಂತ್ರದವರೆಗಿನ ದಾರಿಯಲ್ಲಿ ಯಾರೂ ಚಾಲಕನಿಗೆ ನೀರಿನ ಬಾಟಲಿ ಕೊಡುವಂತಿಲ್ಲ, ಅರ್ಧ ಲೀಟರ್ ನೀರೆಂದರೆ ಅರ್ಧ ಕಿಲೋ.

ಹಂತ 4: ಎಂಜಿನ್ ಅಳತೆಗಳು

ಪ್ರತಿ ಅಂಕಿಯ ಪಕ್ಕದಲ್ಲಿ ಮೂರು ಸಂಗತಿ ಇರಬೇಕು: ಯಾವ ಸಾಧನ, ಎಂಜಿನ್ ಯಾವ ಸ್ಥಿತಿಯಲ್ಲಿ, ಯಾವ ಕ್ರಮ. ಇವಿಲ್ಲದ ಅಂಕಿ ವಾದಕ್ಕೆ ಆಹ್ವಾನ.

*ಸಿಲಿಂಡರಿನ ಗಾತ್ರ.* ಸಿಆರ್125ರ ಬೋರ್ (ಸಿಲಿಂಡರಿನ ಒಳವ್ಯಾಸ) 54 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 54.5. ಲೆಕ್ಕ ಹಾಕಿದರೆ 124.8 ಸಿಸಿ. ಬೋರ್ 54.04 ಆದರೆ ಸರಿಯಾಗಿ 125 ಮುಟ್ಟುತ್ತದೆ. ಅಂದರೆ ಸವೆತಕ್ಕೆ ಇರುವ ಜಾಗ ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗ ಮಾತ್ರ. ಈಗಷ್ಟೇ ಓಡಿ ಬಂದ ಬಿಸಿ ಸಿಲಿಂಡರನ್ನು ಅಳೆದರೆ ಲೋಹ ಹಿಗ್ಗಿರುವುದೇ ಅದರಲ್ಲಿ ದೊಡ್ಡ ಪಾಲನ್ನು ನುಂಗಿಬಿಡುತ್ತದೆ. ಹೀಗಾಗಿ ಕೈಯಿಂದ ಮುಟ್ಟಿದಾಗ ಹೊರಗಿನ ಗಾಳಿಯಷ್ಟೇ ತಣ್ಣಗಾದ ಮೇಲೆ ಅಳೆಯುವುದು ಎಂದು ಬರೆಯಿರಿ. ಹಳೆಯ ಸಿಲಿಂಡರ್‌ಗಳೇ ತುಂಬಿರುವ ಕ್ಲಬ್ಬಾದರೆ 'ಕಂಪನಿಯ ಸ್ಟ್ರೋಕ್, ಬೋರ್ ಗರಿಷ್ಠ ಇಷ್ಟು' ಎಂದು ಬರೆಯುವುದು ಇನ್ನೂ ಚೆನ್ನ. ಸ್ಕ್ರುಟಿನಿ ಮೇಜಿನಲ್ಲಿ ಗುಣಾಕಾರ ಮಾಡುವುದು ತಪ್ಪುತ್ತದೆ.

*ದಹನ ಕೋಣೆಯ ಗಾತ್ರ.* ಅತಿ ಹೆಚ್ಚು ಜಗಳ ನಡೆಯುವುದು ಇಲ್ಲಿಯೇ. ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಅನ್ನು ಸ್ವಲ್ಪ ಉಜ್ಜಿದರೆ ಕೋಣೆ ಕುಗ್ಗುತ್ತದೆ, ಒತ್ತಡ ಏರುತ್ತದೆ, ಮೋಸಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಕನಿಷ್ಠ ಇಷ್ಟು ಸಿಸಿ ಎಂದಷ್ಟೇ ಬರೆದರೆ ಸಾಲದು. ಸ್ಪಾರ್ಕ್ ಪ್ಲಗ್ಗಿನ ರಂಧ್ರ 14 ಮಿಲಿಮೀಟರ್ ಅಗಲ, ಸುಮಾರು 19 ಆಳ ಇರುತ್ತದೆ. ಅದನ್ನೂ ತುಂಬಿ ಅಳೆಯುವುದಾದರೆ ಎರಡೂವರೆ ಸಿಸಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ಲಗ್ಗಿನ ಜಾಗಕ್ಕೆ ನಿರ್ದಿಷ್ಟ ಆಕಾರದ ಲೋಹದ ತುಂಡನ್ನು ತಿರುಗಿಸಿ ಅಳೆಯುತ್ತಾರೆ. ಅವರ ಅಂಕಿಯನ್ನು ತಂದು ಪ್ಲಗ್ ರಂಧ್ರದ ಅಂಚಿನವರೆಗೆ ತುಂಬಿ ಅಳೆದರೆ, ಹೆಡ್ ಉಜ್ಜಿದವನೂ ಸಲೀಸಾಗಿ ಪಾಸಾಗುತ್ತಾನೆ.

ಅಳೆಯುವ ಕ್ರಮ ಹೀಗಿರಲಿ:

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ತೆಗೆದು, ರಂಧ್ರ ನೆಟ್ಟಗೆ ಮೇಲ್ಮುಖವಾಗುವಂತೆ ಎಂಜಿನ್ನನ್ನು ಓರೆಮಾಡಿ ನಿಲ್ಲಿಸಿ.
2. ಹೆಡ್ ತೆಗೆದು ಪಿಸ್ಟನ್ನಿನ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ, ಹೆಚ್ಚಾದುದನ್ನು ಒರೆಸಿ, ಹೆಡ್ ಮತ್ತೆ ಕೂರಿಸಿ ಕಂಪನಿ ಹೇಳಿದ ಬಿಗಿತಕ್ಕೆ ಬಿಗಿಯಿರಿ. ಇದನ್ನು ಬಿಟ್ಟರೆ ದ್ರವ ರಿಂಗ್‌ಗಳ ಪಕ್ಕದಿಂದ ಸೋರುತ್ತದೆ.
3. ಡಯಲ್ ಗೇಜ್ ಇಳಿಸಿ ಪಿಸ್ಟನ್ನನ್ನು ತುತ್ತತುದಿಗೆ ತನ್ನಿ. ಮುಳ್ಳು ಹಿಂದಿರುಗುವ ಬಿಂದುವೇ ತುದಿ. ಕಣ್ಣಂದಾಜು ಬೇಡ.
4. ಬ್ಯುರೆಟ್ಟಿನಿಂದ ತೆಳುವಾದ ಎಣ್ಣೆ ಇಳಿಸಿ. ಅರ್ಧದಲ್ಲಿ ನಿಲ್ಲಿಸಿ, ಎಂಜಿನ್ ಮೆಲ್ಲಗೆ ಅಲುಗಿಸಿ ಗುಳ್ಳೆ ಹೊರಡಿಸಿ.
5. ನಿಯಮದಲ್ಲಿ ಹೇಳಿದ ಮಟ್ಟ ಮುಟ್ಟಿದೊಡನೆ ಓದಿ. ಒಂದು ನಿಮಿಷ ಕಾದು ನೋಡಿ. ಮಟ್ಟ ಇಳಿದಿದ್ದರೆ ಸೋರಿಕೆ ಇದೆ, ಅಳತೆ ಅಸಿಂಧು, ಎರಡನೆಯ ಅಂಶದಿಂದ ಮತ್ತೆ.

ಸೋರಿಕೆ ಯಾವಾಗಲೂ ಕೋಣೆ ದೊಡ್ಡದಿದೆ ಎಂದು ತೋರಿಸುತ್ತದೆ, ಗುಳ್ಳೆ ಚಿಕ್ಕದಿದೆ ಎಂದು ತೋರಿಸುತ್ತದೆ. ಯಾವ ತಪ್ಪು ಯಾರಿಗೆ ಲಾಭ ಎಂದು ಇದರಿಂದ ಊಹಿಸಬಹುದು. ಅಳೆಯುವಾಗ ಎಂಜಿನ್ ಮಾಲೀಕ ಪಕ್ಕದಲ್ಲಿ ನಿಂತಿರಲಿ, ಕೈ ಮಾತ್ರ ಹಾಕದಿರಲಿ.

*ಪೋರ್ಟ್ ಮತ್ತು ಕಾರ್ಬ್ಯುರೇಟರ್.* ಕೆಜೆಡ್‌ಗೆ ಅಂತಾರಾಷ್ಟ್ರೀಯ ನಿಯಮದಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ತೆರೆದಿರುವ ಕೋನ ಗರಿಷ್ಠ 199 ಡಿಗ್ರಿ. ಡಿಗ್ರಿ ಚಕ್ರ ಹಿಡಿಯಲು ಬಲ್ಲವರು ನಿಮ್ಮಲ್ಲಿ ಇಬ್ಬರಾದರೂ ಇದ್ದರೆ ಇದನ್ನು ಸೇರಿಸಿ. ಒಬ್ಬರೇ ಇದ್ದರೆ, ಅವರು ರಜೆ ಹಾಕಿದ ದಿನ ನಿಯಮವೂ ರಜೆ. ಕಾರ್ಬ್ಯುರೇಟರಿಗೆ ಉಕ್ಕಿನ ಗುಂಡು ಸಾಕು: ತೂರಿದರೆ ಹೊರಗೆ, ತೂರದಿದ್ದರೆ ಒಳಗೆ. ವರ್ನಿಯರ್ ಹಿಡಿದು ಅಂಡಾಕಾರದ ರಂಧ್ರ ಅಳೆಯಲು ಹೋಗಬೇಡಿ.

*ಸೀಲ್.* ರೋಟಾಕ್ಸ್ ಮ್ಯಾಕ್ಸ್‌ನಲ್ಲಿ ಅಧಿಕೃತ ಕೇಂದ್ರದವರು ಎಂಜಿನ್ ಪರೀಕ್ಷಿಸಿ ಸಂಖ್ಯೆಯುಳ್ಳ ಸೀಲ್ ಹಾಕಿ, ಅದನ್ನು ಎಂಜಿನ್ನಿನ ದಾಖಲೆಯಲ್ಲಿ ಬರೆಯುತ್ತಾರೆ. ಎರವಲು ಪಡೆಯಬೇಕೆಂದದ್ದು ಇದನ್ನೇ. ಋತುವಿನ ಮೊದಲು ಒಂದು ದಿನ ಎಲ್ಲರ ಎಂಜಿನ್ ಅಳೆದು, ಹೆಡ್ ಮತ್ತು ಸಿಲಿಂಡರಿನ ನಟ್‌ಗಳ ಮೂಲಕ ತಂತಿ ಹಾಯಿಸಿ ಸೀಲ್ ಹಾಕಿ, ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆಯಿರಿ. ಓಟದ ದಿನ ಸೀಲ್ ಸಂಖ್ಯೆ ನೋಡಿದರೆ ಸಾಕು, ಬಿಚ್ಚುವ ಗೋಜಿಲ್ಲ. ಆದರೆ ಶಿಫ್ಟರ್ ಎಂಜಿನ್‌ಗೆ ಪಿಸ್ಟನ್ ಆಗಾಗ ಬದಲಿಸಬೇಕಾಗುತ್ತದೆ. ಸೀಲ್ ಒಡೆಯಲು ಯಾರಿಗೆ ಹೇಳಬೇಕು, ಮತ್ತೆ ಹಾಕಿಸಲು ಎಷ್ಟು ದಿನ, ಶುಲ್ಕ ಎಷ್ಟು ಎಂದು ಬರೆದಿರದಿದ್ದರೆ ಮೂರನೆಯ ಓಟದ ಹೊತ್ತಿಗೆ ಅರ್ಧ ಸೀಲುಗಳು ತಾವಾಗಿಯೇ ಒಡೆದಿರುತ್ತವೆ.

ಹಂತ 5: ಟೈರು ಮತ್ತು ಇಂಧನ

ವೆಚ್ಚ ಕೈಮೀರುವುದು ಎಂಜಿನ್ನಿನಲ್ಲಲ್ಲ, ಟೈರಿನಲ್ಲಿ. ಒಂದೇ ಕಂಪನಿ, ಒಂದೇ ಮಾದರಿ, ಮುಂದೆ 10×4.60-5, ಹಿಂದೆ 11×7.10-5 ಎಂದು ನಿಗದಿ ಮಾಡಿ. ಅದಕ್ಕಿಂತ ಮುಖ್ಯವಾದದ್ದು ಎಣಿಕೆ. ಋತುವಿಗೆ ಎಷ್ಟು ಜೊತೆ ಎಂದು ಬರೆದು, ಪ್ರತಿ ಟೈರಿನ ಬಾರ್‌ಕೋಡ್ ಸಂಖ್ಯೆಯನ್ನು ಕಾರ್ಟ್ ಸಂಖ್ಯೆಯ ಎದುರು ದಾಖಲಿಸಿ. ರಾಸಾಯನಿಕ ಸವರಿ ರಬ್ಬರ್ ಮೆತ್ತಗೆ ಮಾಡುವವರು ಎಲ್ಲ ಕಡೆ ಇದ್ದಾರೆ. ಡ್ಯುರೋಮೀಟರ್ ಓದುವ ಅಂಕಿ ಬಿಸಿಲಿಗೆ ತಕ್ಕಂತೆ ಬದಲಾಗುವುದರಿಂದ ಪುಸ್ತಕದಲ್ಲಿ ಸ್ಥಿರ ಅಂಕಿ ಬರೆಯಬೇಡಿ. ಕ್ಲಬ್ಬಿನದೇ ಒಂದು ಟೈರನ್ನು ಅದೇ ನೆರಳಿನಲ್ಲಿ ಅಷ್ಟೇ ಹೊತ್ತು ಇಟ್ಟು, ಅದಕ್ಕಿಂತ ಇಷ್ಟು ಅಂಕ ಕಡಿಮೆ ಬಂದರೆ ಟೈರು ಬದಲಿಸಬೇಕು ಎಂದು ಬರೆಯಿರಿ.

ಇಂಧನ ಮೀಟರ್ ನಂಬಬಹುದಾದ ಸಾಧನವೇ, ಆದರೆ ಎಥನಾಲ್ ಬೆರೆತ ಬಂಕಿನ ಪೆಟ್ರೋಲಿನಲ್ಲಿ ಅದರ ಮುಳ್ಳು ಎಲ್ಲೆಲ್ಲೋ ಹಾರುತ್ತದೆ. ಟು-ಸ್ಟ್ರೋಕ್ ಎಣ್ಣೆಯ ಬ್ರ್ಯಾಂಡ್ ಬದಲಾದರೂ ಓದು ಬದಲಾಗುತ್ತದೆ. ಹೀಗಾಗಿ ಇಂಧನ ಮತ್ತು ಎಣ್ಣೆ ಎರಡನ್ನೂ ಹೆಸರಿಸಿ, ಬೆರೆಸುವ ಪ್ರಮಾಣವನ್ನೂ ಬರೆಯಿರಿ. ಇನ್ನೂ ಸರಳವಾದ ಉಪಾಯವೊಂದಿದೆ: ಓಟಕ್ಕೆ ಹತ್ತು ನಿಮಿಷ ಮೊದಲು ಚೀಟಿ ಎತ್ತಿ, ಹೆಸರು ಬಂದವನ ಟ್ಯಾಂಕ್ ಖಾಲಿ ಮಾಡಿಸಿ ಕ್ಲಬ್ಬಿನ ಡಬ್ಬಿಯಿಂದ ತುಂಬಿಸುವುದು. ಯಂತ್ರವೂ ಬೇಡ, ವಾದವೂ ಬೇಡ.

ಹಂತ 6: ಚಾಸಿ, ಬ್ರೇಕ್, ಶಬ್ದ

ಇದರಲ್ಲಿ ಹೊಸದಾಗಿ ಯೋಚಿಸುವುದು ಏನೂ ಇಲ್ಲ. ಒಟ್ಟು ಅಗಲ ಗರಿಷ್ಠ 1400 ಮಿಲಿಮೀಟರ್, ನಾಲ್ಕೂ ಚಕ್ರಕ್ಕೆ ಬ್ರೇಕ್, ಪೆಡಲ್ ಕಡ್ಡಿಗೆ ಜೊತೆಯಾಗಿ ಒಂದು ಸುರಕ್ಷಾ ಕೇಬಲ್, ಚೈನಿಗೆ ಮುಚ್ಚಳ, ಹಿಂದೆ ಪೂರ್ತಿ ಅಗಲದ ಪ್ಲಾಸ್ಟಿಕ್ ಬಂಪರ್. ಗುದ್ದಿದರೆ ಕಳಚಿ ಹಿಂದೆ ಸರಿಯುವ ಮುಂಭಾಗದ ಬಂಪರ್ ಅಂತಾರಾಷ್ಟ್ರೀಯ ಓಟಗಳಿಗೆ 2015ರಲ್ಲಿ ಬಂತು. ಓಟದ ಕೊನೆಯಲ್ಲಿ ಅದು ಸ್ಥಾನದಲ್ಲಿ ಇಲ್ಲದಿದ್ದರೆ ಸೆಕೆಂಡುಗಳ ದಂಡ. ತಳ್ಳಿ ಮುಂದೆ ಹೋಗುವ ಚಟಕ್ಕೆ ಅದು ಒಳ್ಳೆಯ ಮದ್ದು, ಕ್ಲಬ್ಬಿನಲ್ಲೂ ತನ್ನಿ. ಶಬ್ದದ ಮಿತಿ ಟ್ರ್ಯಾಕ್ ಮಾಲೀಕರ ಕರಾರಿನಲ್ಲಿ ಇರುತ್ತದೆ, ಅದನ್ನೇ ಎತ್ತಿ ಬರೆಯಿರಿ.

ಹಂತ 7: ನಿಂತು ಹೊರಡುವ ಓಟ

ಶಿಫ್ಟರ್ ಓಟ ನಿಂತ ಸ್ಥಿತಿಯಿಂದ ಆರಂಭವಾಗುತ್ತದೆ. ಹಿಂದಿನ ಸಾಲಿನವನು ಎರಡನೆಯ ಗೇರಿಗೆ ಬರುವಾಗ ಮುಂದಿನವನ ಎಂಜಿನ್ ನಿಂತುಹೋಗಿದ್ದರೆ ಏನಾಗುತ್ತದೆ ಎಂದು ಒಮ್ಮೆ ಕಂಡವರು ಮರೆಯುವುದಿಲ್ಲ. ಎಂಜಿನ್ ನಿಂತರೆ ಎರಡೂ ಕೈ ಮೇಲೆತ್ತಬೇಕು, ಪ್ರತಿ ಎರಡು ಸಾಲಿಗೆ ಹಳದಿ ಬಾವುಟದ ಒಬ್ಬ ಸ್ವಯಂಸೇವಕ ಇರಬೇಕು, ಹೊಸಬರು ಮೊದಲ ಮೂರು ಓಟ ಕೊನೆಯ ಸಾಲಿನಿಂದಲೇ ಹೊರಡಬೇಕು. ಈ ಮೂರನ್ನೂ ಬರೆಯಿರಿ.

ನ್ಯಾಯದ ಪ್ರಶ್ನೆಯೂ ಇಲ್ಲಿದೆ. ಈ ಎಂಜಿನ್‌ಗಳಿಗೆ ಫ್ಯಾನ್ ಇಲ್ಲ. ಗಾಳಿ ಹರಿದರೆ ಮಾತ್ರ ರೇಡಿಯೇಟರ್ ತಣಿಯುತ್ತದೆ. ಮೊದಲು ಬಂದು ನಿಂತವನ ಎಂಜಿನ್ ಕೊನೆಯವನಿಗಾಗಿ ಕಾಯುತ್ತ ಕುದಿಯುತ್ತದೆ. ಬೇಕೆಂದೇ ನಿಧಾನವಾಗಿ ಬಂದು ಮುಂದಿನವರನ್ನು ಬೇಯಿಸುವ ಚತುರರು ನಮ್ಮಲ್ಲಿ ಇದ್ದರು. ಮುಂದಿನ ಕಾರ್ಟಿಗಿಂತ ಎರಡು ಕಾರ್ಟ್ ಉದ್ದಕ್ಕಿಂತ ಹಿಂದುಳಿದವನು ಕೊನೆಯ ಸಾಲಿಗೆ ಹೋಗಬೇಕು, ಕೊನೆಯ ಕಾರ್ಟ್ ನಿಂತ ಹತ್ತು ಸೆಕೆಂಡಿನೊಳಗೆ ಓಟ ಹೊರಡಿಸುವ ದೀಪ ಆರಬೇಕು ಎಂದು ಬರೆದ ಮೇಲೆ ಅದು ನಿಂತಿತು.

ಗೇರಿಲ್ಲದ ಕಾರ್ಟ್‌ಗಳನ್ನು ಇದೇ ಓಟದಲ್ಲಿ ಸೇರಿಸಬೇಡಿ. ಸಂಖ್ಯೆ ಕಡಿಮೆಯಿದ್ದರೂ ಬೇಡ. ತಿರುವಿಗೆ ಬರುವ ವೇಗ, ಬ್ರೇಕ್ ಹಾಕುವ ಜಾಗ ಎರಡೂ ಬೇರೆ.

ಹಂತ 8: ತಪಾಸಣೆ, ದೂರು, ದಂಡ

ಓಟ ಮುಗಿದ ಮೇಲೆ ಮೊದಲ ಮೂವರು ಮತ್ತು ಚೀಟಿಯಿಂದ ಬಂದ ಒಬ್ಬರನ್ನು ತಪಾಸಣೆಗೆ ನಿಲ್ಲಿಸಿ. ಚೀಟಿ ಮುಖ್ಯ: ಗೆದ್ದವನನ್ನು ಮಾತ್ರ ನೋಡುತ್ತಾರೆ ಎಂದು ಗೊತ್ತಾದರೆ ಐದನೆಯ ಸ್ಥಾನ ಬಹಳ ಜನಪ್ರಿಯವಾಗುತ್ತದೆ. ಕಾರ್ಟ್ ನಿಲ್ಲಿಸುವ ಜಾಗಕ್ಕೆ ಹಗ್ಗ ಕಟ್ಟಿ, ಒಳಗೆ ಚಾಲಕ ಮತ್ತು ಒಬ್ಬ ಮೆಕ್ಯಾನಿಕ್ ಮಾತ್ರ.

ದೂರು ಬರಹದಲ್ಲಿರಬೇಕು, ಫಲಿತಾಂಶ ಅಂಟಿಸಿದ 30 ನಿಮಿಷದೊಳಗೆ ಬರಬೇಕು, ಯಾವ ನಿಯಮದ ಯಾವ ಅಂಶ ಎಂದು ಸಂಖ್ಯೆ ಹಾಕಿರಬೇಕು, ಠೇವಣಿ ಇಟ್ಟಿರಬೇಕು. ದೂರು ನಿಜವಾದರೆ ಠೇವಣಿ ವಾಪಸ್. ಸುಳ್ಳಾದರೆ ಅದು ಎಂಜಿನ್ ಬಿಚ್ಚಿಸಿಕೊಂಡವನಿಗೆ, ಹೊಸ ಗ್ಯಾಸ್ಕೆಟ್ ಖರ್ಚಿಗೆ. ಕ್ಲಬ್ಬಿನ ಖಾತೆಗೆ ಹಾಕಿಕೊಳ್ಳಬೇಡಿ, ಕ್ಲಬ್ಬಿಗೆ ದೂರಿನಿಂದ ಆದಾಯ ಬರಬಾರದು.

ದಂಡದ ಪಟ್ಟಿ ಮುಂಚೆಯೇ ಮುದ್ರಿತವಾಗಿರಲಿ. ತೂಕ ಕಡಿಮೆಯಾದರೆ ಆ ಓಟದಲ್ಲಿ ಕೊನೆಯ ಸ್ಥಾನ. ಎಂಜಿನ್ ಅಳತೆ ತಪ್ಪಿದರೆ ಆ ದಿನದ ಅಂಕವೆಲ್ಲ ರದ್ದು. ಸೀಲ್ ತಿದ್ದಿದ್ದರೆ ಋತುವಿನಿಂದಲೇ ಹೊರಗೆ. ಹಲವು ಕ್ಲಬ್ಬುಗಳಲ್ಲಿ ಅತಿ ಕೆಟ್ಟ ಎರಡು ಓಟಗಳನ್ನು ಲೆಕ್ಕದಿಂದ ಬಿಡುವ ಪದ್ಧತಿ ಇದೆ. ರದ್ದಾದ ದಿನವನ್ನು ಹಾಗೆ ಬಿಡುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಬರೆಯದೆ ಹೋದ ಕ್ಲಬ್ಬೊಂದರಲ್ಲಿ ಮೋಸ ಸಿಕ್ಕಿಬಿದ್ದವನೇ ಚಾಂಪಿಯನ್ ಆದ.

ತೀರ್ಪು ಕೊಡುವ ಮೂವರಲ್ಲಿ ಅದೇ ವಿಭಾಗದಲ್ಲಿ ಓಡುವವರು, ಅವರ ತಂದೆ, ಅವರ ಎಂಜಿನ್ ಕಟ್ಟುವವರು ಯಾರೂ ಇರಬಾರದು. ಸಣ್ಣ ಕ್ಲಬ್ಬಿನಲ್ಲಿ ಇದು ಕಷ್ಟ. ಬೇರೆ ವಿಭಾಗದಿಂದ ಎರವಲು ತನ್ನಿ.

ಹಂತ 9: ಭಾಷೆ, ಮತ್ತು ಒಂದು ತಾಲೀಮು

ಪುಸ್ತಕದ ಮೊದಲ ಸಾಲು ಇದಾಗಿರಲಿ: ಮಾಡಬಹುದು ಎಂದು ಬರೆಯದಿರುವುದನ್ನು ಮಾಡುವಂತಿಲ್ಲ. ನಂತರ 'ಸಮಂಜಸ', 'ಸಾಧ್ಯವಾದಷ್ಟು', 'ಸಣ್ಣಪುಟ್ಟ ಬದಲಾವಣೆ' ಎಂಬ ಪದಗಳನ್ನು ಹುಡುಕಿ ಅಳಿಸಿ.

ನೀವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಮೆಕ್ಯಾನಿಕ್ ಒಬ್ಬರು ಪ್ರತಿ ಕ್ಲಬ್ಬಿನಲ್ಲೂ ಇರುತ್ತಾರೆ. ಕರಡನ್ನು ಮೊದಲು ಅವರ ಕೈಗೆ ಕೊಡಿ, ಇದರಲ್ಲಿ ಸಂದು ಎಲ್ಲೆಲ್ಲಿದೆ ಎಂದು ನೇರವಾಗಿ ಕೇಳಿ. ಹಾಗೆ ಕೇಳಿಸಿಕೊಳ್ಳುವುದು ಅವರಿಗೆ ಹೆಮ್ಮೆಯ ವಿಷಯ, ಮನಸಾರೆ ಹುಡುಕಿಕೊಡುತ್ತಾರೆ.

ಬಳಿಕ ಒಂದು ಸಂಜೆ ಯಾರದಾದರೂ ಕಾರ್ಟ್ ತಂದು ಪೂರ್ತಿ ತಪಾಸಣೆ ಮಾಡಿ ಗಡಿಯಾರ ನೋಡಿ. ನಾಲ್ಕು ಕಾರ್ಟ್‌ಗಳ ಕೆಲಸ ಎರಡು ಗಂಟೆ ಮೀರುವಂತಿದ್ದರೆ ನಿಯಮಗಳು ಹೆಚ್ಚಾದವು ಎಂದೇ ಅರ್ಥ. ಭಾನುವಾರ ಸಂಜೆ ಆರಕ್ಕೆ ಎಲ್ಲರಿಗೂ ಮನೆ ನೆನಪಾಗುತ್ತದೆ, ಸ್ಕ್ರುಟಿನಿಯವರಿಗೂ. ಪುಸ್ತಕಕ್ಕೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕಿ. ಮೊದಲ ಓಟದ ನಂತರ ಸುರಕ್ಷತೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೇನೂ ಬದಲಾಗುವುದಿಲ್ಲ.

ಋತುವಿನ ನಡುವೆ ಕಣ್ಣಿಡಬೇಕಾದ ಲಕ್ಷಣಗಳು

ಒಂದೇ ಪ್ರಶ್ನೆಯನ್ನು ಮೂವರು ಬೇರೆ ಬೇರೆಯಾಗಿ ಕೇಳಿದರೆ ಆ ನಿಯಮ ಅಸ್ಪಷ್ಟವಾಗಿದೆ. ಉತ್ತರವನ್ನು ಬಾಯಲ್ಲಿ ಹೇಳಬೇಡಿ, ಬರೆದು ಎಲ್ಲರಿಗೂ ಕಳಿಸಿ.

ಮೊದಲ ಐದು ಸ್ಥಾನಗಳಲ್ಲಿ ಒಂದೇ ಕುಲದ ಎಂಜಿನ್ ಸತತ ಮೂರು ಓಟ ಕಂಡರೆ ಸರಿದೂಗಿಸುವ ಲೆಕ್ಕ ತಪ್ಪಿದೆ. ಬದಲಿಸುವ ಆಸೆಯನ್ನು ತಡೆದುಕೊಂಡು ಮುಂದಿನ ವರ್ಷಕ್ಕೆ ಬರೆದಿಡಿ.

ದೂರುಗಳೇ ಬಾರದಿರುವುದೂ ಒಳ್ಳೆಯ ಲಕ್ಷಣವಲ್ಲ. ಠೇವಣಿ ಬಹಳ ಹೆಚ್ಚಾಗಿರಬಹುದು, ಅಥವಾ ತೀರ್ಪಿನ ಮೇಲೆ ನಂಬಿಕೆ ಹೋಗಿರಬಹುದು. ದೂರು ಕೊಡದೆ ಪಾರ್ಕಿಂಗ್ ಜಾಗದಲ್ಲಿ ಗುಂಪು ಕಟ್ಟಿ ಮಾತಾಡುವವರ ಬಳಿ ಹೋಗಿ ಒಂದು ಲೋಟ ಕಾಫಿ ಕುಡಿದರೆ ಯಾವುದು ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಕಾಣುವ ಲಕ್ಷಣ ತೂಕದ ಹಾಳೆಯಲ್ಲಿರುತ್ತದೆ. ಹಿಂದಿನ ತಿಂಗಳು 180.2, 180.4 ಎಂದು ಅಂಚಿನಲ್ಲಿ ನಿಲ್ಲುತ್ತಿದ್ದವರು ಈಗ 183, 184 ತೋರಿಸುತ್ತಿದ್ದರೆ ಅವರು ಸೀಸ ತೆಗೆಯುವ ಶ್ರಮವನ್ನೂ ಬಿಟ್ಟಿದ್ದಾರೆ. ಅಂಥವರಿಗೆ ಅದೇ ವಾರ ಫೋನ್ ಮಾಡಿ. ಋತು ಮುಗಿದ ಮೇಲೆ ಆ ಹಾಳೆಗಳನ್ನು ಎಸೆಯಬೇಡಿ, ಮುಂದಿನ ವರ್ಷದ ಮೊದಲ ಹಂತಕ್ಕೆ ಬೇಕಾಗುವುದು ಅವೇ.